ಹಳೆಯ ಇಂಜಿನ್ನಿನ ಉಸಿರು

ಬಂಕಾಪುರದ ಕೋಟೆಯೆಂದರೆ ನಮ್ಮ ಭಾಗದವರಿಗೆ ನವಿಲುಗಳಷ್ಟೇ ಖಿಲಾರಿ ದನಗಳೂ ನೆನಪಿಗೆ ಬರುತ್ತವೆ. ಎತ್ತು ಕೊಳ್ಳಲು ಹೋದ ಹಿರಿಯರು ಅದರ ಮೈಬಣ್ಣಕ್ಕೆ ಮರುಳಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ನಡೆಸಿ, ನೊಗಕ್ಕೆ ಕಟ್ಟಿ, ಏದುಸಿರು ಎಷ್ಟು ಹೊತ್ತಿಗೆ ಬರುತ್ತದೆಂಬುದನ್ನು ನೋಡುತ್ತಿದ್ದರು. ಇಂದು ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಆದರೆ ಉಸಿರು ನೋಡುವ ಆ ವಿವೇಕವನ್ನು ನಾವು ಎತ್ತಿನೊಂದಿಗೇ ಮಾರಿಬಿಟ್ಟೆವೇನೋ ಎಂದು ನನಗೆ ಅನಿಸುವುದುಂಟು.

ಕಳೆದ ಗೋವಿನಜೋಳದ ಸುಗ್ಗಿಯ ಹೊತ್ತಿಗೆ ನನ್ನ ತಮ್ಮನ ಮಗ ಬಾಡಿದ ಮುಖದಿಂದ ಮನೆಗೆ ಬಂದನು. ಇಪ್ಪತ್ತು ವರ್ಷ ದುಡಿದ ಅವನ ಟ್ರ್ಯಾಕ್ಟರು ನೀಲಿ ಹೊಗೆ ಉಗುಳುತ್ತಿತ್ತು. ವಾರಕ್ಕೊಮ್ಮೆ ಆಯಿಲ್ ಸುರಿಯಬೇಕಾಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಸೈಲೆನ್ಸರಿನ ಹೊಗೆಯನ್ನಷ್ಟೇ ನೋಡಿ, ಇಂಜಿನ್ ಪೂರ್ತಿ ಬಿಚ್ಚಿ ಎಲ್ಲವನ್ನೂ ಹೊಸದಾಗಿ ಹಾಕಬೇಕೆಂದು ಹೇಳಿದ್ದರಂತೆ. "ದೊಡ್ಡಪ್ಪಾರ, ಸೊಸಿ ಬಂಗಾರ ಒತ್ತಿ ಇಡೂದ ಉಳಿದೈತಿ" ಎಂದು ಅವನು ನೆಲ ನೋಡುತ್ತ ಹೇಳಿದಾಗ ನನಗೂ ಸಂಕಟವಾಯಿತು. ಬಿಚ್ಚಿಸುವುದು ಬೇಡವೆನ್ನಲು ನಾನು ಯಂತ್ರಜ್ಞನಲ್ಲ. ಆದರೆ ನಿದಾನವಿಲ್ಲದೆ ಚಿಕಿತ್ಸೆಯಿಲ್ಲ ಎಂಬ ಮಾತನ್ನು ಬಲ್ಲೆ. ಆದುದರಿಂದ ಪರಿಚಯದ ವೃದ್ಧ ಮೇಸ್ತ್ರಿಯೊಬ್ಬರನ್ನು ಕರೆಸಿದೆವು.

ಅವರು ಮೊದಲು ಒಂದು ಪ್ರಶ್ನೆ ಕೇಳಿದರು: "ಹೊಗಿ ಯಾವಾಗ ಬರತೈತಿ?" ರೋಗದ ಅರ್ಧ ಗುಟ್ಟು ಆ ಪ್ರಶ್ನೆಯಲ್ಲಿಯೇ ಇದೆ. ಕಪ್ಪು ಹೊಗೆಯೆಂದರೆ ಡೀಸೆಲ್ ಪೂರ್ತಿ ಉರಿಯದಿರುವುದು. ಏರ್ ಕ್ಲೀನರ್ ಕಟ್ಟಿರಬಹುದು, ನೋಝಲ್ ಕೆಟ್ಟಿರಬಹುದು. ಬಿಳಿ ಹೊಗೆ ತಣ್ಣಗಿನ ಇಂಜಿನ್ನಿನಲ್ಲಿ ಉರಿಯದೆ ಹೊರಬಂದ ಡೀಸೆಲಿನ ಆವಿಯಾಗಿರಬಹುದು. ಬಿಸಿಯಾದ ಮೇಲೂ ನಿಲ್ಲದಿದ್ದರೆ ಒಳಕ್ಕೆ ನೀರು ಸೇರುತ್ತಿರುವ ಸಂಶಯ. ನೀಲಿ ಹೊಗೆಯೇ ಆಯಿಲ್ ಸುಡುತ್ತಿರುವ ಗುರುತು. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಶುರುವಾದಾಗ ಒಂದು ಬುಗ್ಗೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ, ವಾಲ್ವಿನ ಸೀಲು ಅಥವಾ ಗೈಡಿನ ಸಂದಿನಿಂದ ಆಯಿಲ್ ಜಿನುಗಿರುವ ಸಾಧ್ಯತೆ ಹೆಚ್ಚು. ಭಾರ ಎಳೆಯುವಾಗ ನೀಲಿ ಹೊಗೆ ಬೆಳೆಯುತ್ತ ಹೋದರೆ ಪಿಸ್ಟನ್ ರಿಂಗುಗಳತ್ತ ಬೆರಳು ತೋರಿಸಬೇಕಾಗುತ್ತದೆ.

ಇಲ್ಲಿ ರಿಂಗಿನ ಕೆಲಸವನ್ನು ಅರಿಯುವುದು ಅಗತ್ಯ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದನ್ನು ಕಾಯುವವು ಈ ಉಂಗುರಗಳು. ಮೇಲಿನವು ಉರಿಯುವ ಅನಿಲವನ್ನು ಮೇಲೆಯೇ ಹಿಡಿಯುತ್ತವೆ. ಕೆಳಗಿನದು ಗೋಡೆಗೆ ಹತ್ತಿದ ಆಯಿಲನ್ನು ಒರೆಸಿ ಕೆಳಕ್ಕೆ ಕಳಿಸುತ್ತದೆ. ಇವು ಸವೆದಾಗ ಎರಡು ಕೇಡುಗಳು ಏಕಕಾಲಕ್ಕೆ ಸಂಭವಿಸುತ್ತವೆ: ಆಯಿಲ್ ಮೇಲಕ್ಕೆ ಹೋಗಿ ಸುಡುತ್ತದೆ, ಬೆಂಕಿಯ ಅನಿಲ ಕೆಳಕ್ಕೆ ನುಗ್ಗಿ ಆಯಿಲ್ ಚೇಂಬರಿನಲ್ಲಿ ಒತ್ತಡ ತುಂಬುತ್ತದೆ. ಹೀಗೆ ಕೆಳಕ್ಕೆ ನುಗ್ಗುವುದನ್ನೇ ಮೇಸ್ತ್ರಿಗಳು 'ಬ್ಲೋ-ಬೈ' ಎನ್ನುತ್ತಾರೆ. ಸ್ವಲ್ಪ ಪ್ರಮಾಣ ಹೊಸ ಇಂಜಿನ್ನಿನಲ್ಲಿಯೂ ಇರುತ್ತದೆ. ಅದು ಹೊರಹೋಗಲೆಂದೇ ಬ್ರೀದರ್ ಇರುವುದು. ಮಿತಿ ಮೀರಿದಾಗ ಬ್ರೀದರಿನಿಂದ ಹೊಗೆ ಬಡಿಯುತ್ತದೆ, ಡಿಪ್‌ಸ್ಟಿಕ್ ಮೇಲಕ್ಕೆ ಏಳುತ್ತದೆ, ಗಟ್ಟಿಯಾಗಿದ್ದ ಸೀಲುಗಳೂ ಸೋರತೊಡಗುತ್ತವೆ.

ಮೇಸ್ತ್ರಿ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿದರು. ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು! ಭಯದಿಂದ ನಮ್ಮ ಹುಡುಗ ಹೆಚ್ಚೇ ಸುರಿದಿದ್ದನು. ಹೆಚ್ಚಾದ ಆಯಿಲ್ ಒಳಗೆ ಚಿಮ್ಮಿ ನೊರೆಯಾಗಿ ತಾನೂ ಬ್ರೀದರಿನ ದಾರಿ ಹಿಡಿಯುತ್ತದೆ. ಬ್ರೀದರಿನ ಜಾಲರಿಯೂ ಜಿಡ್ಡಿನಿಂದ ಅರ್ಧ ಮುಚ್ಚಿತ್ತು. ಆಯಿಲನ್ನು ಗೆರೆಗೆ ಇಳಿಸಿ, ಜಾಲರಿ ತೊಳೆದು ಮತ್ತೆ ಶುರು ಮಾಡಿದಾಗ ಸೋರಿಕೆ ಕಡಿಮೆಯಾಯಿತು, ಹೊಗೆ ಮಾತ್ರ ಹೋಗಲಿಲ್ಲ. ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ಬಾಯಿಯ ಮೇಲೆ ಬೋರಲಾಗಿ ಇಟ್ಟರೆ ಅದು ಹಾರಿ ಬೀಳುತ್ತಿತ್ತು. ಮುಚ್ಚಳ ತುಸು ಕುಣಿಯುವುದು ಸಹಜ. ಹಾರಿ ಬೀಳುವುದು ಸಂಶಯಕ್ಕೆ ಎಡೆ.

ಆಮೇಲೆ ಗೇಜು ಹಾಕಿ ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ಅಳೆದರು. ಮೂರರಲ್ಲಿ ಎರಡು ಸಮವಾಗಿದ್ದವು, ಒಂದು ಬಹಳ ಕೆಳಗಿತ್ತು. ಬಳಿಕ ಆ ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ ಸಿಲಿಂಡರಿಗೆ ಕಂಪ್ರೆಸರಿನ ಗಾಳಿ ಬಿಟ್ಟು ಕಿವಿಗೊಟ್ಟರು. ಗಾಳಿಯ ಸದ್ದು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವು, ಏರ್ ಕ್ಲೀನರಿನಲ್ಲಿ ಕೇಳಿದರೆ ಇನ್ಲೆಟ್ ವಾಲ್ವು, ರೇಡಿಯೇಟರಿನಲ್ಲಿ ಗುಳ್ಳೆಯೆದ್ದರೆ ಹೆಡ್ ಗ್ಯಾಸ್ಕೆಟ್, ಆಯಿಲಿನ ಬಾಯಿಯಲ್ಲಿ ಬುಸುಗುಟ್ಟಿದರೆ ರಿಂಗು. ನಮ್ಮದು ಆಯಿಲಿನ ಬಾಯಿಯಲ್ಲಿಯೇ ಬುಸುಗುಟ್ಟಿತು.

ಹಾಗಾದರೆ ಗ್ಯಾರೇಜಿನವರ ಮಾತು ನಿಜವಾಯಿತಲ್ಲವೆ? ಅರ್ಧ ನಿಜವಾಯಿತು. ಇಂಜಿನ್ ಬಿಚ್ಚುವುದು ತಪ್ಪಲಿಲ್ಲ. ಆದರೆ ಮೇಸ್ತ್ರಿ ಅಲ್ಲಿಗೆ ನಿಲ್ಲಲಿಲ್ಲ. "ಒಂದ ಯಾಕ ಸವೀತು ಅಂತ ನೋಡಬೇಕ್ರಿ ಶಾಸ್ತ್ರಿಗಳ" ಎಂದು ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರಿನ ನಳಿಗೆಯನ್ನು ತಿರುವಿ ತೋರಿಸಿದರು. ಕ್ಲಿಪ್ಪಿನ ಕೆಳಗೆ, ಕಣ್ಣಿಗೆ ಬೀಳದ ಕಡೆ, ಅದು ಬೆರಳಿನಗಲ ಸೀಳಿತ್ತು. ಒಕ್ಕಣೆಯ ಧೂಳು, ಎರೆಮಣ್ಣಿನ ಹುಡಿ, ಎಲ್ಲವೂ ಕ್ಲೀನರಿನ ಕಣ್ಣುತಪ್ಪಿಸಿ ಆ ಸೀಳಿನಿಂದ ಒಳಹೋಗಿ, ಹತ್ತಿರದ ಸಿಲಿಂಡರನ್ನು ಉಪ್ಪುಕಾಗದದಂತೆ ತಿಕ್ಕಿತ್ತು. ನಳಿಗೆ ಬದಲಿಸದೆ ರಿಂಗು ಹಾಕಿಸಿದ್ದರೆ ಒಂದೆರಡು ಸುಗ್ಗಿಯಲ್ಲಿ ಅದೇ ಹೊಗೆ, ಅದೇ ಒತ್ತಿಯ ಚಿಂತೆ ಮರಳುತ್ತಿತ್ತು. ಒಂದು ಸಿಲಿಂಡರಿನ ಲೈನರು, ಪಿಸ್ಟನ್ನು, ರಿಂಗುಗಳ ಸೆಟ್ಟು, ಗ್ಯಾಸ್ಕೆಟ್ಟುಗಳು, ಹೊಸ ನಳಿಗೆ, ಇಷ್ಟರಲ್ಲಿ ಕೆಲಸ ಮುಗಿಯಿತು. ಬಂಗಾರ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಓದುಗ ಬಂಧುಗಳಿಗೆ ಮತ್ತೊಂದು ಎಚ್ಚರಿಕೆ ಹೇಳದಿರಲಾರೆ. ಬ್ಲೋ-ಬೈ ಅತಿಯಾದಾಗ, ಅಥವಾ ಟರ್ಬೋ ಇರುವ ಗಾಡಿಗಳಲ್ಲಿ ಟರ್ಬೋವಿನ ಸೀಲು ಕೆಟ್ಟಾಗ, ಡೀಸೆಲ್ ಇಂಜಿನ್ ತನ್ನದೇ ಆಯಿಲನ್ನು ಇಂಧನವಾಗಿ ಕುಡಿದು ಹತೋಟಿ ತಪ್ಪಿ ಓಡುವುದುಂಟು. ಆಗ ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲದು. ಗಾಡಿ ಓಡಿಸುವವನು ಕುಳಿತಲ್ಲಿಯೇ ಬ್ರೇಕ್ ಒತ್ತಿ ದೊಡ್ಡ ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಲು ಯತ್ನಿಸಬಹುದು. ಗಾಳಿಯ ಬಾಯಿಗೆ ಗಟ್ಟಿ ಹಲಗೆ ಒಡ್ಡುವುದೂ ಒಂದು ದಾರಿ. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಎಂದಿಗೂ ಒಡ್ಡಬಾರದು. ಎರಡೂ ಸಾಧ್ಯವಾಗದಿದ್ದರೆ ಮಕ್ಕಳುಮರಿಗಳನ್ನು ದೂರ ಕಳಿಸಿ ತಾನೂ ಸರಿಯುವುದು ಲೇಸು. ಇಂಜಿನ್ ಹೋದರೆ ಹೋಗಲಿ.

ಆದುದರಿಂದ ಹಳೆಯ ಗಾಡಿಯಿರುವ ಪ್ರತಿ ಮನೆಯಲ್ಲಿ ಒಂದು ಸಣ್ಣ ವಹಿ ಇರಲಿ. ಎಷ್ಟು ತಾಸು ಓಡಿತು, ಯಾವ ದಿನ ಎಷ್ಟು ಆಯಿಲ್ ಹಾಕಿದೆವು, ಹೊಗೆ ಯಾವಾಗ ಬಂತು ಎಂದು ಬರೆದಿಡಿ. ರಾತ್ರಿ ನಿಲ್ಲಿಸಿದಾಗ ಕೆಳಗೆ ಒಂದು ರಟ್ಟು ಹಾಸಿ. ಸುಡುವುದೆಷ್ಟು, ಸೋರುವುದೆಷ್ಟು ತಿಳಿದೀತು. ವಾರಕ್ಕೊಮ್ಮೆ ಗಾಳಿಯ ನಳಿಗೆಯ ಮೇಲೆ ಕೈಯಾಡಿಸಿ. ನಮ್ಮ ಹುಡುಗನೂ ಈಗ ಅಂಥ ವಹಿ ಇಟ್ಟಿದ್ದಾನೆ. ಮೊನ್ನೆ ಬಂದಾಗ ಅದನ್ನು ತೋರಿಸಿದನು. ಎರಡು ತಿಂಗಳಿಂದ ಆಯಿಲ್ ಹಾಕಿದ ಕಲಮು ಖಾಲಿಯಾಗಿತ್ತು.