ಮನೆವಾರ್ತೆ: ಚಿತ್ರದ ಕೆಲಸಕ್ಕೆ ತಕ್ಕ ಕಂಪ್ಯೂಟರು

ಗೃಹಸ್ಥನು ಮನೆಗೆ ತರುವ ಪದಾರ್ಥಗಳಲ್ಲಿ ಕೆಲವು ಉಪಭೋಗಕ್ಕೆ, ಕೆಲವು ಸಂಪಾದನೆಗೆ. ಉಪಭೋಗದ ವಸ್ತುವಿನ ಆಯ್ಕೆಯಲ್ಲಿ ತುಸು ಹೆಚ್ಚುಕಡಮೆಯಾದರೆ ಮನಸ್ಸಿಗೆ ಬೇಸರವಾದೀತು, ಅಷ್ಟೆ. ಸಂಪಾದನೆಯ ಉಪಕರಣದಲ್ಲಿ ಎಡವಿದರೆ ದಿನದಿನದ ದುಡಿಮೆಗೇ ಪೆಟ್ಟು. ಈಚೆಗೆ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳೂ ಸೊಸೆಯಂದಿರೂ ಮನೆಯಲ್ಲಿಯೇ ಕುಳಿತು ಮದುವೆಯ ಛಾಯಾಚಿತ್ರಗಳನ್ನು ತಿದ್ದುವ, ಆಲ್ಬಮುಗಳನ್ನೂ ಲಗ್ನಪತ್ರಿಕೆಗಳನ್ನೂ ರಚಿಸುವ ಕೆಲಸವನ್ನು ಕೈಕೊಳ್ಳುತ್ತಿರುವರು. ಅದಕ್ಕಾಗಿ ಬಿಡಿಭಾಗಗಳನ್ನು ಆರಿಸಿ ಕಂಪ್ಯೂಟರನ್ನು ಜೋಡಿಸಿಕೊಳ್ಳುವವರ ಉಪಯೋಗಕ್ಕೆ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಅಂಗಡಿಯ ಮೆಟ್ಟಲನ್ನೇರುವ ಮೊದಲು ಕೆಲಸವು ಯಾವುದೆಂದು ನಿಶ್ಚಯಿಸಿಕೊಳ್ಳತಕ್ಕದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಯಲ್ಲಿ "ಗ್ರಾಫಿಕ್ಸ್ ಕೆಲಸಕ್ಕೆ" ಎಂದೊಡನೆ ವರ್ತಕನು ಬೆಲೆಯುಳ್ಳ ಗ್ರಾಫಿಕ್ಸ್ ಕಾರ್ಡನ್ನು ಮುಂದಿಡುವುದು ಸಹಜ. ಹೆಸರಿನ ಸಾಮ್ಯದಿಂದ ಹುಟ್ಟಿದ ಭ್ರಮೆಯಿದು. ಅಂತಹ ಕಾರ್ಡಿನ ಪೂರ್ಣಬಲವು ಬೇಕಾಗುವುದು ಆಟಗಳನ್ನು ಆಡುವವರಿಗೆ, ಬ್ಲೆಂಡರಿನಲ್ಲಿ ಮೂರು ಆಯಾಮದ ರೂಪಗಳನ್ನು ನಿರ್ಮಿಸುವವರಿಗೆ. ಫೋಟೋಶಾಪಿನಲ್ಲಾಗಲಿ ಗಿಂಪಿನಲ್ಲಾಗಲಿ ನಿಶ್ಚಲಚಿತ್ರಗಳನ್ನು ತಿದ್ದುವವರಿಗೆ ಮಧ್ಯಮ ತರದ ಕಾರ್ಡೇ ಸಾಕು. ಮೂಗಿಗಿಂತ ಮೂಗುತಿ ಭಾರವಾಗಬಾರದಷ್ಟೆ!

ಹಾಗಾದರೆ ಹಣವನ್ನು ಎಲ್ಲಿ ತೊಡಗಿಸಬೇಕು? ಮೊದಲನೆಯದು ರ್‍ಯಾಮ್. ಆಲ್ಬಮಿನ ಒಂದು ಹಾಳೆ 36 ಅಂಗುಲ ಉದ್ದ, 12 ಅಂಗುಲ ಎತ್ತರವಿದೆಯೆಂದಿಟ್ಟುಕೊಳ್ಳಿ. ಮುದ್ರಣಕ್ಕಾಗಿ ಅಂಗುಲಕ್ಕೆ 300 ಚುಕ್ಕೆಗಳಂತೆ ಎಣಿಸಿದರೆ ಸುಮಾರು 3 ಕೋಟಿ 89 ಲಕ್ಷ ಚುಕ್ಕೆಗಳಾಗುವುವು. ಕೆಂಪು, ಹಸುರು, ನೀಲಿಗಳಿಗೆ ಒಂದೊಂದು ಬೈಟಿನಂತೆ ಒಂದು ಪದರಕ್ಕೇ ಸುಮಾರು 117 ಮೆಗಾಬೈಟು. ಹತ್ತು ಪದರಗಳಿಗೆ 1 ಗಿಗಾಬೈಟಿಗೂ ಹೆಚ್ಚು. ಬಣ್ಣದ ಸೂಕ್ಷ್ಮತೆಗಾಗಿ 16 ಬಿಟ್ಟಿನಲ್ಲಿ ಕೆಲಸಮಾಡಿದರೆ ಇದು ಇಮ್ಮಡಿ. ರ್‍ಯಾಮ್ ಸಾಲದಾದಾಗ ಯಂತ್ರವು ಡಿಸ್ಕನ್ನು ಆಶ್ರಯಿಸುವುದು. ಅಡಿಗೆಮನೆಯಲ್ಲಿ ಸ್ಥಳವಿಲ್ಲದೆ ಪಾತ್ರೆಗಳನ್ನು ಜಗಲಿಯಲ್ಲಿಟ್ಟು ಓಡಾಡಿದಂತೆ ಕೆಲಸವು ನಿಧಾನವಾಗುವುದು. ಆದಕಾರಣ 16 ಗಿಗಾಬೈಟು ಕನಿಷ್ಠ, 32 ಆದರೆ ನಿಶ್ಚಿಂತೆ. ಒಂದೇ ಪಟ್ಟಿಗಿಂತ ಸಮನಾದ ಎರಡು ಪಟ್ಟಿಗಳನ್ನು ಹಾಕಿಸುವುದು ಲೇಸು.

ಪ್ರೊಸೆಸರಿನಲ್ಲಿ, ಈ ಕೆಲಸದ ಮಟ್ಟಿಗೆ, ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗವು ಹೆಚ್ಚು ಫಲಕಾರಿ. ಅದಕ್ಕೆ ಹೊಂದುವ ಮದರ್‌ಬೋರ್ಡನ್ನೇ ಕೊಳ್ಳಬೇಕು. 2022ರಲ್ಲಿ ಬಂದ ಎಎಂಡಿಯವರ ಎಎಂ5 ಬೋರ್ಡುಗಳಲ್ಲಿ ಡಿಡಿಆರ್5 ರ್‍ಯಾಮ್ ಮಾತ್ರ ಕೂರುವುದು. ಹಳೆಯ ಡಿಡಿಆರ್4 ಪಟ್ಟಿಗಳು ಅಲ್ಲಿ ನಿರುಪಯೋಗಿಗಳು.

ಕೆಲಸ ನಡೆಯುತ್ತಿರುವ ಚಿತ್ರಗಳು ಎಸ್‌ಎಸ್‌ಡಿಯಲ್ಲಿರಲಿ. ಮುಗಿದವುಗಳನ್ನು ಅಗ್ಗವಾದ ಹಾರ್ಡ್ ಡಿಸ್ಕಿಗೆ ಸಾಗಿಸಬಹುದು. ಆದರೆ ಪ್ರತಿಯೊಂದಕ್ಕೂ ಬೇರೆ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ಡಿಸ್ಕು ಕೆಟ್ಟರೆ ಹೊಸದು ದೊರೆತೀತು; ಪರರ ಮನೆಯ ಧಾರೆಯ ಮುಹೂರ್ತವು ಮತ್ತೆ ಬಾರದು.

ಎಲ್ಲಕ್ಕಿಂತ ಹೆಚ್ಚಾಗಿ ಉಪೇಕ್ಷೆಗೆ ಪಾತ್ರವಾಗಿರುವುದು ಮಾನಿಟರು. ಯಂತ್ರಕ್ಕೆ ಹಣವೆಲ್ಲ ಮುಗಿದಮೇಲೆ, ಉಳಿದುದರಲ್ಲಿ ಯಾವುದೋ ಒಂದು ಪರದೆಯನ್ನು ತರುವುದುಂಟು. ಪರದೆಯು ಸುಳ್ಳು ಬಣ್ಣವನ್ನು ತೋರಿಸಿದರೆ, ವಧುವಿನ ಕುಂಕುಮವರ್ಣದ ಸೀರೆಯು ಅಚ್ಚಿನಲ್ಲಿ ಇಟ್ಟಿಗೆಯ ಬಣ್ಣವಾಗಿ ಬರುವುದು. ಮರುಮುದ್ರಣದ ವೆಚ್ಚವು ದುಡಿದವಳ ತಲೆಯ ಮೇಲೆಯೇ ಬೀಳುವುದು. ಐಪಿಎಸ್ ಜಾತಿಯದಾಗಿ, 1996ರಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ವರ್ಣಶ್ರೇಣಿಯನ್ನು ಪೂರ್ಣವಾಗಿ ತೋರಬಲ್ಲ ಪರದೆಯನ್ನೇ ಆರಿಸತಕ್ಕದ್ದು. ಬಣ್ಣವನ್ನು ಅಳೆದು ಸರಿಪಡಿಸುವ ಉಪಕರಣವು ಕೈಗೆಟುಕಿದರೆ ಇನ್ನೂ ಉತ್ತಮ.

ಕೊನೆಯದಾಗಿ, ಪವರ್ ಸಪ್ಲೈಯಲ್ಲಿ ಜಿಪುಣತನ ಸಲ್ಲದು. ಕೀಳಾದುದು ಕೆಟ್ಟಾಗ ಮಿಕ್ಕ ಭಾಗಗಳನ್ನೂ ಕೆಡಿಸಬಲ್ಲದು. ವಿದ್ಯುತ್ತು ಆಗಾಗ ನಿಲ್ಲುವ ಊರುಗಳಲ್ಲಿ, ಉಳಿಸದ ಕೆಲಸವು ಹಾಳಾಗದಂತೆ ಯುಪಿಎಸ್ ಅವಶ್ಯಕ.

ಪಟ್ಟಿಯನ್ನು ಮನೆಯಲ್ಲಿಯೇ ಬರೆದುಕೊಂಡು ಹೊರಡಿರಿ. ಹಣ ಸಾಲದಿದ್ದರೆ ಬೆಳಗುವ ದೀಪಗಳ ಪೆಟ್ಟಿಗೆಯನ್ನೂ ದೊಡ್ಡ ಕಾರ್ಡನ್ನೂ ಬಿಡಿರಿ. ರ್‍ಯಾಮನ್ನೂ ಪರದೆಯನ್ನೂ ಬಿಡಬೇಡಿರಿ. ಯಾವುದಕ್ಕೂ, ಅದರ ಮುಂದೆ ಕುಳಿತು ದುಡಿಯುವವರ ಮಾತನ್ನು ಮೊದಲು ಕೇಳಿರಿ. ಹಣ ಕೊಡುವವರು ಯಜಮಾನರಾದರೂ, ಉಪಕರಣದ ಗುಣವನ್ನು ಬಲ್ಲುದು ಕೆಲಸಮಾಡುವ ಕೈ.