ಸೊಂಟ ನೋವಿಗೆ ಗಟ್ಟಿ ನೆಲವೇ ಮದ್ದೇ?

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ದಿನವಿಡೀ ನಿಂತು ದುಡಿಯುವವರು ಸೊಂಟ ನೋವು ಅಂದರೆ ಹಿರಿಯರು ಹೇಳುವುದು ಒಂದೇ ಮಾತು: ‘ಹಾಸಿಗೆ ಬಿಡು, ನೆಲದ ಮೇಲೆ ಮಲಗು.’ ಆದರೆ ಗಟ್ಟಿಯಾದಷ್ಟೂ ಬೆನ್ನಿಗೆ ಒಳ್ಳೆಯದು ಎನ್ನುವುದು ನಿಜವಲ್ಲ. ಸ್ಪೇನ್‌ನಲ್ಲಿ ಬಹುಕಾಲದ ಸೊಂಟ ನೋವಿದ್ದ 313 ಮಂದಿಗೆ ಹೊಸ ಹಾಸಿಗೆ ಕೊಟ್ಟು 90 ದಿನ ಗಮನಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೆ ಹೆಚ್ಚು ಆರಾಮ ಸಿಕ್ಕಿತ್ತು.

ಪಕ್ಕಕ್ಕೆ ಮಲಗಿದಾಗ ಭುಜ ಸ್ವಲ್ಪ ಒಳಗಿಳಿಯಬೇಕು, ಸೊಂಟಕ್ಕೆ ಆಸರೆ ಸಿಗಬೇಕು. ಕೆಳಗಿನ ಸ್ಪ್ರಿಂಗ್ ಅಥವಾ ತೆಂಗಿನ ನಾರು ಭಾರ ಹೊರುತ್ತದೆ. ಮೇಲಿನ ಹತ್ತಿ, ಫೋಮ್ ಒತ್ತಡ ಹಂಚುತ್ತದೆ. ಒಂದಕ್ಕೊಂದು ಹೆಣೆದ ಸ್ಪ್ರಿಂಗ್‌ಗಳಾದರೆ ಒಬ್ಬರು ಮಗ್ಗುಲು ಬದಲಿಸಿದಾಗ ಪಕ್ಕದವರಿಗೂ ಎಚ್ಚರ. ಬಟ್ಟೆಚೀಲದಲ್ಲಿ ಬಿಡಿಬಿಡಿಯಾಗಿರುವ ಪಾಕೆಟ್ ಸ್ಪ್ರಿಂಗ್‌ನಲ್ಲಿ ಈ ಅಲುಗಾಟ ಕಡಿಮೆ.

ನಿಮ್ಮ ಹಾಸಿಗೆಯನ್ನು ಹೀಗೆ ನೋಡಿ: ಅಂಗಾತ ಮಲಗಿ ಸೊಂಟದಡಿ ಕೈ ತೂರಿಸಿ. ಕೈ ಹೋಗಿಯೂ ಜಾಗ ಉಳಿದರೆ ಹಾಸಿಗೆ ಗಟ್ಟಿ. ಕೈ ತೂರದೇ ಇದ್ದರೆ ತೀರಾ ಮೆತ್ತಗೆ. ಗಂಟು ಕಟ್ಟಿದ ಹತ್ತಿ ಹಾಸಿಗೆಯನ್ನು ಎಸೆಯಬೇಡಿ. ಬಿಚ್ಚಿ, ಹತ್ತಿ ಹಿಂಜಿಸಿ ಮತ್ತೆ ತುಂಬಿಸಿ. ನೆಲವೇ ರೂಢಿಯಾದವರು ಚಾಪೆಯ ಮೇಲೆ ಜಮಖಾನ, ಕಂಬಳಿ ಹಾಸಿಕೊಳ್ಳಿ. ನೋವು ಕಾಲಿಗಿಳಿದು ಜೋಮು ಹಿಡಿದರೆ ಹಾಸಿಗೆ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ವರ್ಷ ತುಂಬದ ಕೂಸಿನ ಲೆಕ್ಕ ಮಾತ್ರ ಬೇರೆ. ಗಟ್ಟಿಯಾದ, ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ದಿಂಬು, ಮೆತ್ತೆ ಬೇಡ; ಅದರಲ್ಲಿ ಮುಖ ಹೂತರೆ ಉಸಿರು ಕಟ್ಟಬಹುದು.