ನಾಲ್ಕನೆಯವನ ಓಟ

2017ರ ಮಾರ್ಚ್ 26ರಂದು ಉಗಾಂಡದ ರಾಜಧಾನಿ ಕಂಪಾಲಾದ ಕೊಲೊಲೊ ಮೈದಾನದಲ್ಲಿ ಹದಿನಾರರ ಹುಡುಗ ಜೇಕಬ್ ಕಿಪ್ಲಿಮೊ ವಿಶ್ವ ಗುಡ್ಡಗಾಡು ಓಟದ ಜೂನಿಯರ್ ಪುರುಷರ ಸ್ಪರ್ಧೆ ಗೆದ್ದ. ಆ ಕೂಟದಲ್ಲಿ ಅವನ ದೇಶಕ್ಕೆ ಸಿಕ್ಕಿದ ಮೊದಲ ಚಿನ್ನ ಅದು. ಅದೇ ದಿನ ಹಿರಿಯರ ಓಟದಲ್ಲಿ ಅವನ ನಾಡಿನವನೇ ಆದ ಜೋಶುವಾ ಚೆಪ್ಟೆಗೈ ಎಲ್ಲರನ್ನೂ ಹಿಂದೆ ಹಾಕಿದ್ದವನು ಕೊನೆಯ ಸುತ್ತಿನಲ್ಲಿ ಕಾಲು ಸೋತು, ತಡವರಿಸುತ್ತ ಮೂವತ್ತನೆಯವನಾಗಿ ಮುಗಿಸಿದ. ಎರಡು ವರ್ಷದ ನಂತರ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಚೆಪ್ಟೆಗೈ ಮೊದಲಿಗ, ಕಿಪ್ಲಿಮೊ ಎರಡನೆಯವ. 2023 ಮತ್ತು 2024ರಲ್ಲಿ ಹಿರಿಯರ ಪಟ್ಟವೂ ಕಿಪ್ಲಿಮೊನದೇ ಆಯಿತು.

ಇಂಥ ಕಥೆ ಸಿಕ್ಕಾಗಲೆಲ್ಲ ಕ್ರೀಡಾ ವರದಿಗಾರರಿಗೆ ಹಬ್ಬ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಜೂನಿಯರ್ ಓಟ ಏಕಿರಬೇಕು ಎಂದು ಯಾರಾದರೂ ಕೇಳಿದರೆ ಸಿಗುವ ಉತ್ತರವೂ ಇದೇ: ನಾಳಿನ ಚಾಂಪಿಯನ್ನರನ್ನು ಇವತ್ತೇ ಗುರುತಿಸುವುದಕ್ಕೆ. ಉತ್ತರ ಕೇಳಲು ಚೆನ್ನಾಗಿದೆ. ಆದರೆ ಇದು ತಪ್ಪು ಉತ್ತರವೆಂದೂ, ಈ ಓಟಕ್ಕೆ ಇದರಿಂದ ಹಾನಿಯಾಗಿದೆಯೆಂದೂ ನನಗನ್ನಿಸುತ್ತದೆ.

ಗೆದ್ದವರ ಪಟ್ಟಿಯಿಂದಲೇ ಶುರು ಮಾಡೋಣ. 2001ರಲ್ಲಿ ಬೆಲ್ಜಿಯಂನ ಒಸ್ಟೆಂಡ್‌ನಲ್ಲಿ ಗೆದ್ದವನು ಇಥಿಯೋಪಿಯದ ಕೆನೆನಿಸಾ ಬೆಕೆಲೆ. (ಕೂಟ ನಡೆಯಬೇಕಿದ್ದದ್ದು ಡಬ್ಲಿನ್‌ನಲ್ಲಿ; ದನಗಳ ಕಾಲುಬಾಯಿ ರೋಗದ ಭಯದಿಂದ ಅದನ್ನು ಒಸ್ಟೆಂಡ್‌ನ ಕೆಸರಿಗೆ ಸಾಗಿಸಿದರು.) 2003ರಲ್ಲಿ ಲುಸಾನ್‌ನಲ್ಲಿ ಕೆನ್ಯಾದ ಎಲಿಯುಡ್ ಕಿಪ್ಚೊಗೆ ಗೆದ್ದ, ಅದೇ ವರ್ಷದ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ 5000 ಮೀಟರ್ ವಿಶ್ವ ಪಟ್ಟಕ್ಕಾಗಿ ಮೊರಾಕ್ಕೊದ ಎಲ್ ಗೆರೂಜ್‌ನನ್ನೂ ಇದೇ ಬೆಕೆಲೆಯನ್ನೂ ಹಿಂದಿಕ್ಕಿದ. 2011ರಲ್ಲಿ ಗೆದ್ದ ಜೆಫ್ರಿ ಕಾಮ್ವೊರೊರ್‌ನನ್ನು ಬೆಂಗಳೂರಿನವರೂ ಬಲ್ಲರು. 2014ರಲ್ಲಿ ನಮ್ಮ ವಿಶ್ವ 10ಕೆ ಓಟ ಗೆದ್ದವನು ಅವನೇ. ಇಷ್ಟು ಹೆಸರು ಹೇಳಿ ನಿಲ್ಲಿಸಿದರೆ ಗಾದೆಯೇ ಗೆದ್ದಂತೆ. ಆದರೆ ಇವು ಆಮೇಲೆ ಏನಾದರೆಂದು ತಿಳಿದ ಮೇಲೆ ಹೆಕ್ಕಿದ ಹೆಸರುಗಳು. ಪಟ್ಟಿಯನ್ನು ಮೊದಲಿಂದ ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ.

1973ರಲ್ಲಿ ಬೆಲ್ಜಿಯಂನ ವಾರೆಗೆಮ್‌ನಲ್ಲಿ ವಿಶ್ವ ಕೂಟ ಶುರುವಾದಾಗ ಜೂನಿಯರ್ ಓಟ ಗೆದ್ದವನು ಸ್ಕಾಟ್ಲೆಂಡಿನ ಜಿಮ್ ಬ್ರೌನ್. 1974ರಿಂದ 77ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ನಾಲ್ವರು ಬೇರೆ ಬೇರೆ ಹುಡುಗರು ಗೆದ್ದರು: ಕಿಂಬಲ್, ಥಾಮಸ್, ಹಲ್ಸ್ಟ್, ಹಂಟ್. ನಾಲ್ವರಲ್ಲಿ ಒಬ್ಬನೂ ಒಲಿಂಪಿಕ್ ಪದಕ ಕಾಣಲಿಲ್ಲ. ಆಮೇಲೆ ಈ ಓಟ ಗೆದ್ದ ಅಮೆರಿಕನ್ ಹುಡುಗನೂ ಇಲ್ಲ. ಇನ್ನು 1992, ಬಾಸ್ಟನ್. ಗೆದ್ದವನು ಕೆನ್ಯಾದ ಇಸ್ಮಾಯಿಲ್ ಕಿರುಯಿ, ಎರಡನೆಯವನು ಇಥಿಯೋಪಿಯದ ಹೈಲೆ ಗೆಬ್ರಸೆಲಾಸಿ. ಮರುವರ್ಷ ಸ್ಟುಟ್‌ಗಾರ್ಟ್‌ನಲ್ಲಿ 5000 ಮೀಟರ್ ವಿಶ್ವ ಪಟ್ಟವೂ ಕಿರುಯಿಗೇ, ಆಗಲೂ ಎರಡನೆಯವನು ಹೈಲೆಯೇ. ಅಂದು ಮೊಳಕೆ ನೋಡಿ ಬೆಳೆ ಹೇಳುವವರು ಯಾರ ಹೆಸರು ಹೇಳುತ್ತಿದ್ದರು? ಮುಂದೆ ದೊಡ್ಡ ಹೆಸರಾದವನು ಮಾತ್ರ ಹೈಲೆ. ಇನ್ನೊಂದು ಕಡೆ, 1995ರಿಂದ 99ರವರೆಗೆ ಸತತ ಐದು ಬಾರಿ ಹಿರಿಯರ ಪಟ್ಟ ಹಿಡಿದ ಕೆನ್ಯಾದ ಪೌಲ್ ಟೆರ್ಗಾಟ್ ಓಟಕ್ಕೆ ಬಂದದ್ದೇ ತಡವಾಗಿ, ಸೇನೆ ಸೇರಿದ ಮೇಲೆ. ಅವನ ವಿಷಯದಲ್ಲಿ ನೋಡುವುದಕ್ಕೆ ಮೊಳಕೆಯೇ ಇರಲಿಲ್ಲ.

ಹದಿನೆಂಟರ ಗೆಲುವು ಏನೂ ಹೇಳುವುದಿಲ್ಲ ಎಂದಲ್ಲ. ಆ ದಿನ, ಆ ನೆಲದಲ್ಲಿ ಯಾರು ಗಟ್ಟಿಗ ಎಂಬುದನ್ನು ಅದು ಹೇಳುತ್ತದೆ. ಅದಕ್ಕಿಂತ ಹೆಚ್ಚು ಹೇಳಿಸಲು ಹೊರಟರೆ ನಿಯಮಗಳೇ ಅಡ್ಡ ಬರುತ್ತವೆ. ಆ ವರ್ಷದ ಡಿಸೆಂಬರ್ 31ಕ್ಕೆ ಹದಿನಾರರಿಂದ ಹತ್ತೊಂಬತ್ತು ತುಂಬಿರುವವರೆಲ್ಲ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ. ಮೂವತ್ತು ಮತ್ತು ಮೂವತ್ತಮೂರರ ನಡುವೆ ಈ ಅಂತರ ಏನೂ ಅಲ್ಲ. ಹದಿಹರೆಯದಲ್ಲಿ ಅಷ್ಟರೊಳಗೆ ಎಲುಬು, ಎದೆ, ತೊಡೆ ಎಲ್ಲವೂ ಬೇರೆಯಾಗಿಬಿಡುತ್ತವೆ. ಒಂದೇ ವರ್ಷದಲ್ಲಿ ಹುಟ್ಟಿದವರಲ್ಲೂ ಜನವರಿಯವನು ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಹಾಗಾಗಿ ಜೂನಿಯರ್ ಓಟ ಪ್ರತಿಭೆಯ ಜೊತೆಗೆ ಯಾರು ಬೇಗ ಬೆಳೆದರು ಎಂಬುದನ್ನೂ ಅಳೆಯುತ್ತದೆ. ಎರಡನ್ನು ಬೇರ್ಪಡಿಸುವ ಗಡಿಯಾರ ಇನ್ನೂ ಬಂದಿಲ್ಲ. ಜನನ ನೋಂದಣಿ ಸಡಿಲವಾಗಿರುವ ಹಳ್ಳಿಗಾಡುಗಳಲ್ಲಿ ವಯಸ್ಸೇ ಒಂದು ಅಂದಾಜು. ಇದನ್ನು ಕೇಳಿ ನಾವು ಹುಬ್ಬೇರಿಸಬೇಕಾಗಿಲ್ಲ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡ ಜೂನ್ 1ನ್ನೇ ಹುಟ್ಟುಹಬ್ಬವೆಂದು ಹೊತ್ತು ನಿವೃತ್ತರಾದವರು ನಮ್ಮ ಊರೂರಲ್ಲೂ ಇದ್ದಾರೆ.

ಭವಿಷ್ಯವಾಣಿಯಾಗಿ ಈ ಓಟ ಸೋತಿತು ಎನ್ನೋಣ. ಸೋಲದಿದ್ದರೂ ಆ ಸಮರ್ಥನೆ ನನಗೆ ಹಿಡಿಸದು. ಓಟದ ಬೆಲೆ ಮುಂದಿನ ಪದಕದಲ್ಲಿದೆ ಎಂದರೆ ಇವತ್ತು ಓಡುತ್ತಿರುವ ಹುಡುಗ ಬರೀ ಮುಂಗಡ ಹಣ. ಏಜೆಂಟರು ಅವನನ್ನು ನೋಡುವುದು ಹಾಗೆಯೇ. ಹಣವಿರುವ ದೇಶಗಳು ಪೌರತ್ವ ಹಿಡಿದು ಬರುವುದೂ, ಅಮೆರಿಕದ ವಿಶ್ವವಿದ್ಯಾಲಯಗಳು ವಿದ್ಯಾರ್ಥಿವೇತನ ಹಿಡಿದು ಬರುವುದೂ ಇದೇ ಲೆಕ್ಕದಲ್ಲಿ. 2023ರಲ್ಲಿ ಆಸ್ಟ್ರೇಲಿಯದ ಬಾಥರ್ಸ್ಟ್‌ನಲ್ಲಿ ಗೆದ್ದ ಕೆನ್ಯಾದ ಇಷ್ಮಾಯಿಲ್ ಕಿಪ್ಕುರುಯಿ ಆಮೇಲೆ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಓಟಗಾರನಾದ. ಅದರಲ್ಲಿ ತಪ್ಪೇನಿಲ್ಲ; ಓದು ಸಿಗುವುದಾದರೆ ಒಳ್ಳೆಯದೇ. ನನ್ನ ಚಿಂತೆ ಉಳಿದ ನೂರಾರು ಹುಡುಗರದು. ಅವರಲ್ಲಿ ಬಹುಪಾಲು ಜನರಿಗೆ ಬದುಕಿನಲ್ಲಿ ಓಡಿದ ಅತಿ ದೊಡ್ಡ ಓಟ ಇದೇ. ಇದರಾಚೆ ಅವರಿಗೆ ಒಲಿಂಪಿಕ್ಸ್ ಇಲ್ಲ. ಮುಂದಿನ ಪದಕದ ಲೆಕ್ಕದಲ್ಲಿ ನೋಡಿದರೆ ಅವರದ್ದೆಲ್ಲ ವ್ಯರ್ಥ ಓಟ.

ಅದು ವ್ಯರ್ಥವಲ್ಲ ಎನ್ನುವುದಕ್ಕೆ ಈ ಓಟದ ಒಳಗೇ ಒಂದು ವ್ಯವಸ್ಥೆಯಿದೆ, ಅದನ್ನು ನಾವು ಸಾಕಷ್ಟು ಗಮನಿಸುವುದಿಲ್ಲ. ಅದು ತಂಡದ ಲೆಕ್ಕ. ಒಂದು ದೇಶದಿಂದ ಆರು ಹುಡುಗರು ಓಡಬಹುದು. ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಯಾರದು ಕಡಿಮೆಯೋ ಆ ತಂಡ ಗೆಲ್ಲುತ್ತದೆ. ಒಂದು, ಎರಡು, ಮೂರು, ನಾಲ್ಕು ಎಲ್ಲ ಒಂದೇ ತಂಡಕ್ಕೆ ಬಂದರೆ ಮೊತ್ತ ಹತ್ತು. ಅದಕ್ಕಿಂತ ಕೆಳಗೆ ಯಾರೂ ಇಳಿಯಲಾರರು. ಈಗ ಒಂದು ತಂಡ ಮೊದಲ ಮೂರೂ ಪದಕ ಬಾಚಿಕೊಂಡಿತು, ಅವರ ನಾಲ್ಕನೆಯವನು ಮಾತ್ರ ನಲವತ್ತನೆಯವನಾಗಿ ಬಂದ ಎಂದಿಟ್ಟುಕೊಳ್ಳಿ. ಮೊತ್ತ 46. ಇನ್ನೊಂದು ತಂಡದವರು 8, 10, 12, 14ನೆಯವರಾಗಿ ಬಂದರೆ ಮೊತ್ತ 44. ವೇದಿಕೆಗೆ ಒಬ್ಬನನ್ನೂ ಹತ್ತಿಸದ ಈ ತಂಡಕ್ಕೇ ಪಟ್ಟ. ಟ್ರ್ಯಾಕ್ ಓಟದಲ್ಲಿ ನಲವತ್ತನೆಯವನು ಎಂಬ ಪ್ರಾಣಿಯೇ ಇಲ್ಲ. ಇಲ್ಲಿ ಅವನು ತನ್ನ ಮುಂದಿನ ಒಬ್ಬನನ್ನು ಹಿಡಿದು ದಾಟಿದರೆ ದೇಶಕ್ಕೆ ಒಂದು ಅಂಕ ಉಳಿಯುತ್ತದೆ. ಹಿಡಿಯುವವನಿಗೂ ಅದು ಗೊತ್ತು, ಹಿಡಿಸಿಕೊಳ್ಳುವವನಿಗೂ ಗೊತ್ತು. ಕೆಸರಿನ ಎಂಟು ಕಿಲೊಮೀಟರಿನಲ್ಲಿ ಕ್ಯಾಮೆರಾ ಎಂದೂ ತಿರುಗದ ಜಾಗದಲ್ಲಿ ನಡೆಯುವ ಈ ಜಗಳವೇ ಓಟದ ತಿರುಳು.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. 1985ರಿಂದ 2015ರವರೆಗೆ ವೈಯಕ್ತಿಕ ಚಿನ್ನ ಒಂದೇ ಒಂದು ಬಾರಿ, 1991ರಲ್ಲಿ ಟಾಂಜಾನಿಯದ ಆಂಡ್ರ್ಯೂ ಸಾಂಬು ಗೆದ್ದಾಗ, ಕೆನ್ಯಾ ಮತ್ತು ಇಥಿಯೋಪಿಯಗಳ ಆಚೆ ಹೋಯಿತು. ತಂಡದ ಚಿನ್ನವಂತೂ ದಶಕಗಳಿಂದ ಇವೆರಡರ ನಡುವಿನ ಮನೆಜಗಳ. ಉಳಿದ ದೇಶಗಳ ನಾಲ್ಕನೆಯವನು ಯಾತಕ್ಕಾಗಿ ಬೆವರು ಸುರಿಸಬೇಕು? ಕಂಚಿಗಾಗಿ ಎಂಬುದು ಒಂದು ಉತ್ತರ. ಅದಕ್ಕಿಂತ ಮುಖ್ಯವಾದದ್ದು ಆರರ ಮಿತಿ. ಕೆನ್ಯಾದ ಆಯ್ಕೆ ಓಟದಲ್ಲಿ ಏಳನೆಯವನಾದ ಹುಡುಗ ವಿಶ್ವ ಕೂಟದಲ್ಲಿ ಓಡಿದ್ದರೆ ಮೊದಲ ಹತ್ತರೊಳಗೆ ಬರಬಹುದಿತ್ತು, ಆದರೆ ಅವನು ಮನೆಯಲ್ಲಿದ್ದಾನೆ. ವೇಗದ ಹುಡುಗರನ್ನು ಹುಡುಕುವುದೇ ಉದ್ದೇಶವಾಗಿದ್ದರೆ ಇದು ದಡ್ಡ ನಿಯಮ. ಬೇರೆ ಬೇರೆ ನಾಡಿನ ಹುಡುಗರು ಒಂದೇ ಕೆಸರಿನಲ್ಲಿ ಓಡಲಿ ಎಂಬುದು ಉದ್ದೇಶವಾದರೆ ಜಾಣ ನಿಯಮ. ಕೂಟ ಹುಟ್ಟಿದಾಗಿನಿಂದ ನಿಯಮ ಎರಡನೆಯ ಉದ್ದೇಶಕ್ಕೇ ತಕ್ಕಂತಿದೆ. ಬದಲಾಗಿರುವುದು ಅದನ್ನು ನಡೆಸುವವರ ಮಾತು.

(ನಿಯಮಗಳ ಮಾತು ಬಂದಾಗ ಇದೂ ಹೇಳಿಬಿಡಬೇಕು: 2017ರಿಂದ ಹಿರಿಯ ಪುರುಷರಿಗೂ ಮಹಿಳೆಯರಿಗೂ ಸಮನಾಗಿ ಹತ್ತು ಕಿಲೊಮೀಟರ್ ಇದ್ದರೂ ಕಿರಿಯರಲ್ಲಿ ಹುಡುಗರಿಗೆ ಎಂಟು, ಹುಡುಗಿಯರಿಗೆ ಆರೇ ಉಳಿದುಕೊಂಡಿತು. ಇದಕ್ಕೆ ನಾನು ಒಪ್ಪುವಂಥ ಕಾರಣ ಕಂಡಿಲ್ಲ.)

ಉದ್ದೇಶ ಯಾವುದೆಂದು ತೀರ್ಮಾನಿಸುವುದು ಬರೀ ತರ್ಕದ ಚಟವಲ್ಲ. ಅದರ ಮೇಲೆ ಕ್ಯಾಲೆಂಡರ್ ನಿಂತಿದೆ. 2011ರವರೆಗೆ ಪ್ರತಿ ವರ್ಷ ನಡೆಯುತ್ತಿದ್ದ ಕೂಟವನ್ನು ಆಮೇಲೆ ಎರಡು ವರ್ಷಕ್ಕೊಮ್ಮೆ ಮಾಡಿದರು. ಹಿರಿಯ ಓಟಗಾರನಿಗೆ ಅದರಿಂದ ದೊಡ್ಡ ನಷ್ಟವಿಲ್ಲ, ಅವನ ಮುಂದೆ ಹತ್ತು ಹದಿನೈದು ವರ್ಷಗಳಿರುತ್ತವೆ. ಜೂನಿಯರ್ ಹುಡುಗನಿಗೆ ಇರುವುದು ನಾಲ್ಕೇ ವರ್ಷ, ಅಂದರೆ ಎರಡೇ ಅವಕಾಶ. ಅದರಲ್ಲೊಂದು ಅವನು ಇನ್ನೂ ಎಳಸಾಗಿರುವಾಗ. ಕೋವಿಡ್ ಬಂದು 2021ರ ಬಾಥರ್ಸ್ಟ್ ಕೂಟ 2023ಕ್ಕೆ ಹೋದಾಗ ಇದು ಇನ್ನಷ್ಟು ಕಹಿಯಾಯಿತು. 2003ರಲ್ಲಿ ಹುಟ್ಟಿದ ಹುಡುಗನನ್ನು ತೆಗೆದುಕೊಳ್ಳಿ. 2019ರಲ್ಲಿ ಅವನಿಗೆ ಹದಿನಾರು, 2023ರಲ್ಲಿ ಇಪ್ಪತ್ತು. ಹದಿನೇಳು, ಹದಿನೆಂಟು, ಹತ್ತೊಂಬತ್ತರಲ್ಲಿ ಅವನು ಎಷ್ಟೇ ಚೆನ್ನಾಗಿ ಓಡಿದ್ದರೂ ವಿಶ್ವ ಕೂಟಕ್ಕೆ ಅದು ಲೆಕ್ಕಕ್ಕಿಲ್ಲ. ಸಾಂಕ್ರಾಮಿಕಕ್ಕೆ ಯಾರನ್ನೂ ದೂರಲಾಗದು, ನಿಜ. ಆದರೆ ಕೂಟ ವಾರ್ಷಿಕವಾಗಿದ್ದಿದ್ದರೆ 2020ರ ಮತ್ತು 2021ರ ಓಟಗಳು ತಪ್ಪಿಹೋದರೂ 2022ರದ್ದಾದರೂ ಅವನ ಪಾಲಿಗೆ ಸಿಗುವ ಸಾಧ್ಯತೆ ಇತ್ತು.

ಖರ್ಚು ಹೆಚ್ಚು, ಪ್ರಾಯೋಜಕರಿಲ್ಲ, ಟೆಲಿವಿಷನ್ನಿನವರಿಗೆ ಆಸಕ್ತಿಯಿಲ್ಲ ಎನ್ನುತ್ತಾರೆ. ಹಿರಿಯರ ಓಟದ ಮಟ್ಟಿಗೆ ಅದನ್ನು ಒಪ್ಪೋಣ. ಆದರೆ ಜೂನಿಯರ್ ಓಟಗಳನ್ನು ಅದರ ಬಾಲಕ್ಕೆ ಕಟ್ಟಿಯೇ ನಡೆಸಬೇಕೆಂದು ಎಲ್ಲಿದೆ? ಒಂದು ಗುಡ್ಡ, ಎರಡು ಕಿಲೊಮೀಟರಿನ ಹುಲ್ಲು ಸುತ್ತು, ಹಗ್ಗ, ಎಣಿಸುವ ಜನ: ಈ ಆಟದಷ್ಟು ಕಡಿಮೆ ಕಟ್ಟಡ ಬೇಡುವ ಆಟ ಇನ್ನೊಂದಿಲ್ಲ. ದುಬಾರಿಯಾಗುವುದು ವಿಮಾನದ ಟಿಕೆಟ್ಟು, ಅದನ್ನು ಶ್ರೀಮಂತ ಒಕ್ಕೂಟಗಳು ಹಂಚಿಕೊಳ್ಳಬಹುದು. ಯುರೋಪಿನ ಗುಡ್ಡಗಾಡು ಕೂಟ 1994ರಲ್ಲಿ ಶುರುವಾದಾಗಿನಿಂದ ಕೋವಿಡ್ ವರ್ಷ ಬಿಟ್ಟರೆ ಪ್ರತಿ ಡಿಸೆಂಬರಿನಲ್ಲೂ ನಡೆದಿದೆ, ಕಿರಿಯರ ಓಟಗಳೂ ಅದರೊಳಗೆ ಸೇರಿವೆ. ಒಬ್ಬ ಸ್ಪ್ಯಾನಿಷ್ ಅಥವಾ ಐರಿಷ್ ಹುಡುಗನಿಗೆ ತನ್ನ ದೇಶದ ಬನಿಯನ್ ತೊಟ್ಟು ತಂಡದ ಲೆಕ್ಕಕ್ಕೆ ಬರುವ ಅವಕಾಶ ಹೀಗೆ ವರ್ಷ ವರ್ಷವೂ ಸಿಗುತ್ತದೆ. ಈ ಆಟವನ್ನು ಎಲ್ಲರಿಗಿಂತ ಚೆನ್ನಾಗಿ ಆಡುವ ನಾಡುಗಳ ಹುಡುಗ ವಿಶ್ವ ಕೂಟದ ಸರದಿಗಾಗಿ ಎರಡು ವರ್ಷ ಕಾಯುತ್ತಾನೆ.